ಗಡಿ ದಾಟಿದ ಮಂಚ

ಡೆಲ್ಬರ್ಟ್ ಫ್ಯೂಗೇಟನ ಮಂಚ ಆರ್ಕನ್ಸಾದಲ್ಲಿತ್ತು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಟೆಕ್ಸರ್ಕಾನಾದ ಅವನ ಮನೆಯ ನಡುವೆಯೇ ರಾಜ್ಯದ ಗಡಿ ಹಾದುಹೋಗಿತ್ತು. ಪಡಸಾಲೆ ಟೆಕ್ಸಾಸಿನದು, ಮಲಗುವ ಕೋಣೆ ಆರ್ಕನ್ಸಾದ್ದು. ಹೆಂಡತಿ ವರ್ಲೀನ್ ಅದೇ ಬೀದಿಯಲ್ಲಿ ಹಣ್ಣು ತುಂಬಿ ಬೇಯಿಸಿದ ಪೈ ಮಾರುವ ತನ್ನ ಅಂಗಡಿಯ ಮಹಡಿಗೆ ಹೋಗಿ ನೆಲೆಸಿ ವಿಚ್ಛೇದನ ಕೇಳಿದ್ದಳು. ಬೆಳಗಾದರೆ ಆ ಅಂಗಡಿಯ ಮುಂದೆ ಜನ ಸಾಲುಗಟ್ಟುತ್ತಿದ್ದರು. ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವ ಡೆಲ್ಬರ್ಟನ ಶೆಡ್ಡಿಗೆ ನೊಣಗಳಷ್ಟೇ ಗಿರಾಕಿ.

"ಆರ್ಕನ್ಸಾದಲ್ಲಿ ಜೀವನಾಂಶ ಜಡ್ಜ್ ಮನಸ್ಸಿಗೆ ಬಿಟ್ಟಿದ್ದು ಕಣೋ," ಎಂದ ಪಕ್ಕದ ಮನೆಯ ಕ್ಲೀಟಸ್. ಕೋರ್ಟಿನ ಬಾಗಿಲು ಕಾದು ನಿವೃತ್ತನಾದವನು. "ಟೆಕ್ಸಾಸ್‌ನಲ್ಲಿ ಕೈಕಾಲು ಗಟ್ಟಿ ಇದ್ದೋರಿಗೆ ಸುಲಭಕ್ಕೆ ಕೊಡಿಸಲ್ಲ. ಮಂಚ ಯಾವ ಕಡೆಯೋ ನೀನು ಆ ಕಡೆಯೋನು. ನಾಳೆ ಅವಳ ಲಾಯರಮ್ಮ ನೋಡೋಕೆ ಬರ್ತಾಳಂತಲ್ಲ?"

"ನಾನು ಅಪ್ಪಟ ಟೆಕ್ಸಾಸಿನವನು!" ಡೆಲ್ಬರ್ಟ್ ಎದೆ ತಟ್ಟಿಕೊಂಡ. "ಗಂಡ ಅಂದ್ಮೇಲೆ ಕೊಡೋನು ನಾನೇ ತಾನೇ? ಎತ್ತು ಮಂಚಾನ!"

ತಾತನ ಕಾಲದ ಓಕ್ ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ಅರ್ಧ ಅಲ್ಲಿ, ಅರ್ಧ ಇಲ್ಲಿ. ಅರ್ಧ ಜೀವನಾಂಶ ಕೊಡ್ಬೇಕಾಗುತ್ತೆ ನೋಡು," ಎಂದ ಕ್ಲೀಟಸ್ ಮಂಚದಡಿಯಿಂದ.

ಎದುರುಮನೆಯ ಬರ್ಡಿ ಓಡಮ್ ಚಿಲ್ಲಿ ಸಾರಿನ ಬೋಗುಣಿ ಹಿಡಿದೇ ಒಳಬಂದಳು. "ಓರೆ ಮಾಡ್ರೋ! ನನ್ನ ಮೂರನೇ ಗಂಡನ್ನ ಆಚೆ ಹಾಕಿದ್ದೂ ಹಿಂಗೇನೇ!"

ಡೆಲ್ಬರ್ಟನ ಪಿತ್ತ ನೆತ್ತಿಗೇರಿತು. ಹಾರೆ ತಂದು ಬಾಗಿಲ ಚೌಕಟ್ಟನ್ನೇ ಕಿತ್ತ. ಗೋಡೆಯ ಒಂದು ಪಾಲು, ಬರ್ಡಿಯ ಬೋಗುಣಿ, ಕ್ಲೀಟಸ್ ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು. ಮಂಚ ಟೆಕ್ಸಾಸ್ ಸೇರಿತು. ಅದರ ತಲೆಗೆ ತನ್ನ ರಾಜ್ಯದ ಬಾವುಟ ಕಟ್ಟಿ ಡೆಲ್ಬರ್ಟ್ ಮೀಸೆ ತಿರುವಿದ.

ಸದ್ದು ಕೇಳಿ ವರ್ಲೀನ್ ಕೈಯಲ್ಲಿದ್ದ ಪೈ ಸಮೇತ ಓಡಿಬಂದಳು. ಮಂಚ ನೋಡಿ ಅದರ ಮೇಲೇ ಕುಸಿದು ಕೂತಳು.

"ಬದುಕಿದೆ ಕಣೋ! ಆರ್ಕನ್ಸಾ ಕೋರ್ಟಾದ್ರೆ ಜಾಸ್ತಿ ದುಡಿಯೋಳು ನಾನು, ತಿಂಗಳು ತಿಂಗಳು ನಾನೇ ನಿನಗೆ ಕೊಡ್ಬೇಕಾಗ್ಬಹುದು ಅಂದಿದ್ಲು ಲಾಯರಮ್ಮ. ವಾರದಿಂದ ನಿದ್ದೆ ಇರ್ಲಿಲ್ಲ. ನೀನಾಗೇ ಈಚೆ ಬಂದ್ಯಲ್ಲ, ಪುಣ್ಯಾತ್ಮ!"

ಡೆಲ್ಬರ್ಟ್ ಮೀಸೆಯಿಂದ ಕೈ ತೆಗೆದ. ಕ್ಲೀಟಸ್ ಸೂರು ನೋಡತೊಡಗಿದ.

"ವಾಪಸ್ ತಳ್ಳೋಣ್ವೇನೋ?" ಎಂದು ಮೆಲ್ಲಗೆ ಕೇಳಿದ.

"ಸುಮ್ನಿರೋ!" ಡೆಲ್ಬರ್ಟ್ ಎದೆ ಸೆಟೆಸಿದ. "ನಂಗೆ ಗೊತ್ತಿತ್ತು, ವರ್ಲೀನ್. ಅದಕ್ಕೇ ತಂದೆ. ಟೆಕ್ಸಾಸಿನವನು ಹೆಂಡತಿ ಮುಂದೆ ಕೈಯೊಡ್ಡಲ್ಲ."

ವರ್ಲೀನಳ ಕಣ್ಣು ತುಂಬಿಬಂತು. ಪೈ ಮುಂದೆ ಹಿಡಿದಳು. "ತಗೋ. ಪುಕ್ಕಟೆ."

"ಪುಕ್ಕಟೆ ಬೇಡ. ಎಷ್ಟು ಹೇಳು."

ವ್ಯಾಪಾರದ ಹೆಂಗಸು, ಹೇಳಿಬಿಟ್ಟಳು. ಡೆಲ್ಬರ್ಟ್ ಜೇಬುಗಳನ್ನೆಲ್ಲ ತಡಕಿದ. ಕಡಿಮೆ ಬಿದ್ದದ್ದನ್ನು ಕ್ಲೀಟಸನ ಹತ್ತಿರ ಕೈಸಾಲ ಪಡೆದು, ತಲೆಯೆತ್ತಿಕೊಂಡೇ ಕೊಟ್ಟ.