ಬಂದೂಕಿಲ್ಲದ ಮನೆ

ಸರ್ಕಾರ ಮಿಕ್ಸಿ ಹಂಚದೇ ಇದ್ದಿದ್ದರೆ ದರ್ಜಿ ಫೌಸ್ತಿನೊನ ಮಾನ ಇನ್ನೂ ಸ್ವಲ್ಪ ಕಾಲ ಬಾಳುತ್ತಿತ್ತು.

ಸಿನಲೋವ ಪ್ರಾಂತ್ಯದ ಗುಡ್ಡಗಳಿಂದ ಗಡಿಯಾಚೆಗೆ ಮಾದಕ ಮಾಲು ಸಾಗಿಸುವವರನ್ನು ಹೇಗೆ ಮಟ್ಟ ಹಾಕುವುದೆಂದು ರಾಜಧಾನಿಯಲ್ಲಿ ದೊಡ್ಡವರು ಕೂತು ಯೋಚಿಸಿದ್ದರು. ಆ ಯೋಚನೆಯ ಫಲವಾಗಿ ಲಾ ಹಿಗೆರಾ ಬಡಾವಣೆಯ ಚರ್ಚಿನ ಅಂಗಳದಲ್ಲಿ ದಂಡಿನವರ ಡೇರೆ ಎದ್ದಿತ್ತು. ಮನೆಯಲ್ಲಿರುವ ಬಂದೂಕು ಒಪ್ಪಿಸಿ, ಮಿಕ್ಸಿ ತೆಗೆದುಕೊಂಡು ಹೋಗಿ. ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಈಗ ಬೆಳಗಾದರೆ ಬೀದಿಯ ಮನೆಮನೆಯಲ್ಲೂ ಟೊಮೇಟೊ, ಮೆಣಸಿನಕಾಯಿ ರುಬ್ಬುವ ಗರ್ರೆನ್ನುವ ಸದ್ದು. ಫೌಸ್ತಿನೊನ ಮನೆಯಲ್ಲಿ ಮಾತ್ರ ಅದೇ ಹಳೇ ಒರಳು.

ಅತ್ತೆ ಚೋಲೆ ಅದರ ಮುಂದೆ ಕೂತು ಮೆಣಸಿನಕಾಯಿ ಅರೆಯುತ್ತ, ಅಳಿಯನಿಗೆ ಕೇಳಿಸುವಷ್ಟು ಮೆಲ್ಲಗೆ ಮಗಳಿಗೆ ಹೇಳಿದಳು: "ಕಸಾಯಿ ಸಿರಿಲೊ ಎರಡು ಕೊಟ್ನಂತೆ. ಆ ವಿಧವೆ ತೆಚ, ಪಾಪ, ಅವಳೂ ಗಂಡನ ಪಿಸ್ತೂಲು ಕೊಟ್ಟು ಬಂದ್ಲು. ನಿನ್ನ ಗಂಡನ ಹತ್ರ ಏನಿದೆ? ಕತ್ತರಿ."

"ಅತ್ತೆ, ಮನೇಲಿ ಬಂದೂಕು ಇಲ್ಲದೇ ಇರೋದು ತಪ್ಪಾ?"

"ತಪ್ಪಲ್ಲಪ್ಪ. ನಾಚಿಕೆ."

ಫೌಸ್ತಿನೊ ತಲೆ ತಗ್ಗಿಸಿಕೊಂಡು ಅಂಗಡಿಗೆ ಹೋದ. ಅಲ್ಲಿ ಬೇರೆಯದೇ ಕಾದಿತ್ತು. ನಿನ್ನೆಯವರೆಗೆ "ಏಯ್ ದರ್ಜಿ" ಎನ್ನುತ್ತಿದ್ದ ಸಿರಿಲೊ ಇವತ್ತು ಬಾಗಿಲಲ್ಲೇ ನಿಂತು ಕೈ ಹೊಸೆಯುತ್ತಿದ್ದ.

"ದೋನ್ ಫೌಸ್ತಿನೊ, ನನ್ನ ಪ್ಯಾಂಟಿಗೆ ಅವಸರ ಇಲ್ಲ. ನಿಧಾನಕ್ಕೇ ಹೊಲೀರಿ."

"ಇದೇನೋ ಹೊಸದಾಗಿ ದೋನ್ ಗೀನ್ ಅಂತ ಮರ್ಯಾದೆ?"

"ಬೀದಿಗೆ ಬೀದಿಯೇ ಕೊಟ್ಟಾಯ್ತು, ನೀವೊಬ್ರು ಕೊಟ್ಟಿಲ್ಲ. ಅಂದ್ರೆ ಒಳಗೆ ಎಷ್ಟಿದೆಯೋ... ನಾನೇನೂ ಕೇಳಲ್ಲಪ್ಪ."

"ನನ್ನ ಹತ್ರ ಒಂದೂ ಇಲ್ಲ ಕಣೋ!"

"ಹಾಗೇ ಹೇಳ್ಬೇಕು. ದೊಡ್ಡ ಕುಳಗಳೆಲ್ಲ ಹಾಗೇ ಹೇಳೋದು."

ಮಧ್ಯಾಹ್ನದ ಹೊತ್ತಿಗೆ ಮದುವೆಯ ಬಟ್ಟೆಗೆ ಕೊಟ್ಟಿದ್ದ ರೇಷ್ಮೆಯನ್ನು ಹುಡುಗಿಯ ತಾಯಿ ಅಳತೆಯ ಚೀಟಿಯ ಸಮೇತ ವಾಪಸು ಒಯ್ದಳು. ಪಾದ್ರಿಗಳು ಬಂದು, ತಪ್ಪೊಪ್ಪಿಗೆಗೆ ಬರದೆ ಬಹಳ ದಿನವಾಯಿತಲ್ಲ ಎಂದು ಅವನ ಭುಜ ಸವರಿದರು. ಎದುರು ಗೋಡೆಗೆ ಇಬ್ಬರು ಸೈನಿಕರು ಒರಗಿ ನಿಂತು, ಅವನು ಸೂಜಿಗೆ ದಾರ ಪೋಣಿಸುವುದನ್ನು ಬಾಂಬು ಕಟ್ಟುವುದನ್ನು ನೋಡುವಂತೆ ನೋಡತೊಡಗಿದರು. ಮಾನ ಉಳಿಯಬೇಕಾದರೆ ಇನ್ನು ಒಂದೇ ದಾರಿ: ಎಲ್ಲಿಂದಾದರೂ ಬಂದೂಕು ತಂದು ಒಪ್ಪಿಸಿಬಿಡುವುದು.

ತೆಚಳ ಹಿತ್ತಿಲ ಬಾಗಿಲು ತಟ್ಟಿದ. "ಅಕ್ಕ, ನಿಮ್ಮ ಯಜಮಾನರದ್ದು ಇನ್ನೊಂದು ಪಿಸ್ತೂಲು ಏನಾದ್ರೂ..."

ತೆಚ ಅವನನ್ನು ಒಳಗೆಳೆದು ಬಾಗಿಲು ಹಾಕಿದಳು. "ಮೊದಲನೇದೇ ಇರ್ಲಿಲ್ಲ ಕಣೋ! ಆ ಪುಣ್ಯಾತ್ಮ ಗುಬ್ಬಿಗೂ ಕಲ್ಲು ಬೀರಿದೋನಲ್ಲ. ಹಾಗಂತ ಬೀದಿಯವರ ಮುಂದೆ ಹೇಳೋಕಾಗುತ್ತಾ? ಡೇರೆ ಹಿಂದುಗಡೆ ಹೋಗು, ಸಾರ್ಜೆಂಟ್ ಕೊಡ್ತಾನೆ. ನಾನು ಒಂದು ಹಂಡೆ ತಮಾಲೆ ಕಡುಬು ಮಾಡ್ಕೊಟ್ಟೆ. ಸಿರಿಲೊ ಆಡು ಕೊಟ್ಟ."

ಡೇರೆಯ ಹಿಂದೆ ಸಾರ್ಜೆಂಟ್ ಎರಡೂ ತೋಳು ಚಾಚಿ ನಿಂತ. "ಅಳತೆ ತಗೋ. ಕಪ್ಪು ಸೂಟು. ಹೊಟ್ಟೆ ಹತ್ರ ಸ್ವಲ್ಪ ಸಡಿಲ ಇರ್ಲಿ."

ಅಳತೆ ಮುಗಿದ ಮೇಲೆ ಪಿಸ್ತೂಲು ಕೈಗೆ ಬಂತು. ಹಿಂದಿನವರು ಹಿಡಿದ ಬಿಸಿ ಇನ್ನೂ ಆರಿರಲಿಲ್ಲ.

"ಇದ್ರಿಂದ ಗುಂಡು ಹಾರುತ್ತಾ ಸಾರ್?"

"ಇಲ್ಲೀವರೆಗೂ ಯಾರೂ ಕೇಳಿಲ್ಲ."

ಫೌಸ್ತಿನೊ ಸುತ್ತಿಬಳಸಿ ಡೇರೆಯ ಮುಂದಕ್ಕೆ ಬಂದ. ಸೇರಿದ್ದ ಜನ, ಸಾಲ ಕೊಟ್ಟಿದ್ದ ನೆಂಟನನ್ನು ಕಂಡಂತೆ ಆ ಪಿಸ್ತೂಲನ್ನು ಕಂಡು, ಗುರುತೇ ಇಲ್ಲವೆಂಬಂತೆ ಮುಖ ತಿರುಗಿಸಿದರು. ಕ್ಯಾಪ್ಟನ್ ಅದನ್ನು ಪಡೆದು ಮಿಕ್ಸಿ ಕೊಟ್ಟ. ಜನ ಚಪ್ಪಾಳೆ ತಟ್ಟಿದರು. ಗೆದ್ದೆ ಎಂದುಕೊಂಡು ಫೌಸ್ತಿನೊ ಎದೆಯೆತ್ತುವಷ್ಟರಲ್ಲಿ ಕ್ಯಾಪ್ಟನ್ ಲೆಕ್ಕ ನೋಡಿ ಹಣೆ ಒತ್ತಿಕೊಂಡ.

"ನಲವತ್ತಾಯ್ತಲ್ರೀ! ಒಂದು ಬಡಾವಣೆಯಲ್ಲಿ ನಲವತ್ತು ಬಂದೂಕು ಸಿಕ್ಕರೆ ಅದು ಕೆಂಪು ವಲಯ, ಮೇಲಿನ ಆಜ್ಞೆ. ಮೂವತ್ತೊಂಬತ್ತಕ್ಕೆ ನಿಂತಿದ್ರೆ ಸಂಜೆ ಡೇರೆ ಕಿತ್ಕೊಂಡು ಹೋಗ್ತಿದ್ವಿ. ಇನ್ನು ಇಲ್ಲೇ ಠಿಕಾಣಿ. ಕತ್ತಲಾದ ಮೇಲೆ ಯಾರೂ ಹೊರಗೆ ಬರೋ ಹಾಗಿಲ್ಲ. ಓಡಾಡೋರನ್ನೆಲ್ಲ ತಪಾಸಣೆ ಮಾಡ್ತೀವಿ."

ಚಪ್ಪಾಳೆ ತಟ್ಟಿದ ಕೈಗಳೆಲ್ಲ ಸೊಂಟದ ಮೇಲೆ ಬಂದವು.

"ಇಷ್ಟು ದಿನ ತಡೆದೋನು ಇನ್ನೊಂದು ಸಂಜೆ ತಡ್ಕೋಬಾರದಿತ್ತೇನೋ?" ಎಂದಳು ತೆಚ.

ಸಂಜೆಗೆ ತಪಾಸಣೆಯ ಅಡ್ಡಗಂಬ ಬಿತ್ತು, ಬೀದಿ ಕಿರಿದಾಗಿದ್ದ ಜಾಗದಲ್ಲಿ. ಅಂದರೆ ಫೌಸ್ತಿನೊನ ಮನೆಯೆದುರು. ಮೊದಲು ಸಿಕ್ಕವನೂ ಅವನೇ. ಬಿಸಿ ರೊಟ್ಟಿಯ ಪೊಟ್ಟಣವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದ. ಕಿಟಕಿ ಕಿಟಕಿಯಲ್ಲೂ ಬೀದಿಯವರ ಮುಖ. ಸೈನಿಕ ಅವನ ಜೇಬಿಗೆ ಕೈ ಹಾಕಿ ಅಳತೆಪಟ್ಟಿ ಎಳೆದ, ಎಳೆಯುತ್ತಲೇ ಹೋದ.

"ಆಯುಧ ಇದೆಯಾ?"

"ಇಲ್ಲ ಸಾರ್."

"ಬೆಳಿಗ್ಗೇನೂ ಇಲ್ಲ ಅಂದಿದ್ಯಂತೆ."

ಅಷ್ಟರಲ್ಲಿ ನಂಬರಿಲ್ಲದ ದೊಡ್ಡ ಕಪ್ಪು ಗಾಡಿಯೊಂದು ಬಂತು. ಅದು ನಿಲ್ಲುವ ಮೊದಲೇ ಅಡ್ಡಗಂಬ ಮೇಲೆದ್ದಿತು. ಗಾಜು ಇಳಿಯಿತು. ಬೀದಿಯಲ್ಲಿ ಯಾರೂ ಗಟ್ಟಿಯಾಗಿ ಹೆಸರು ಹೇಳದ ಮನುಷ್ಯ ಒಳಗೆ ಕೂತಿದ್ದ. ಇಡೀ ಬಡಾವಣೆ ಶರಣಾದರೂ ಕೊನೆಯವರೆಗೆ ಬಗ್ಗದೆ ನಿಂತ ಗಂಡಸನ್ನು ಅವನು ಒಂದು ಕ್ಷಣ ನೋಡಿದ. ಆಮೇಲೆ ಮೆಲ್ಲಗೆ ಹ್ಯಾಟು ತೆಗೆದ.

"ನಮಸ್ಕಾರ, ದೋನ್ ಫೌಸ್ತಿನೊ."

ಗಾಡಿ ಗಡಿಯ ಕಡೆಗೆ ಹೊರಟುಹೋಯಿತು.

ಸೈನಿಕ ಅಳತೆಪಟ್ಟಿಯನ್ನು ಸುತ್ತಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಫೌಸ್ತಿನೊನ ಕಿವಿಗಳು ಸುಟ್ಟ ಮೆಣಸಿನಕಾಯಿಯಂತಾಗಿದ್ದವು. ಭೂಮಿ ಬಾಯಿ ಬಿಡಲೆಂದು ಕಾದ, ಆದರೆ ಕಾಲ ಕೆಳಗಿದ್ದದ್ದು ಡಾಂಬರು.

ತೆರೆದೇ ಉಳಿದದ್ದು ಒಂದೇ ಕಿಟಕಿ. ಅದರಿಂದ ಅರ್ಧ ಮೈ ಹೊರಗೆ ಚಾಚಿ ಅತ್ತೆ ಚೋಲೆ, ಬೀದಿಯ ಆ ತುದಿಗೂ ಕೇಳುವಂತೆ ಕೂಗಿದಳು:

"ನೋಡಿದ್ರೇನ್ರೇ? ನನ್ನ ಅಳಿಯ!"