ಅರವತ್ನಾಲ್ಕು ಮಂದಿಯನ್ನು ಐವತ್ಮೂರು ಮಾಡಿದ ಕಂಪ್ಯೂಟರ್ ಮಹಾಶಯರಿಗೆ

ಮಧುಗಿರಿ
೪ನೇ ಏಪ್ರಿಲ್ ೧೯೮೮

ಮಾನ್ಯ ಕಂಪ್ಯೂಟರ್ ಮಹಾಶಯರೇ,

ಊರಿಗೆಲ್ಲ ಬಿಸಿಲು, ತಮಗೊಬ್ಬರಿಗೆ ಮಾತ್ರ ತಂಪು ಎಂಬ ಈಗಿನ ಏರ್ಪಾಡಿನಲ್ಲಿ ತಾವು ಸುಖವಾಗಿರುವಿರೆಂದು ನಂಬಿ, ತಮ್ಮ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಮ್ಮ ಪ್ರೋಗ್ರಾಮರ್ ಆದ ರೇಣುಕಯ್ಯನೆಂಬ ನಾನು ಈ ದೂರನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ತಮಗೆ ಖಾಸಗಿಯಾಗಿ ಬರೆದರೆ ಅದನ್ನು ತಮಗೆ ಓದಿ ಹೇಳಬೇಕಾದವನೂ ನಾನೇ ಆದ್ದರಿಂದ, ಊರಿನ ಹತ್ತು ಜನರಾದರೂ ಓದಲಿ ಎಂದು ಇದರ ಒಂದು ಪ್ರತಿಯನ್ನು ನಮ್ಮ ಸಂಸ್ಥೆಯ ನೋಟೀಸು ಬೋರ್ಡಿಗೆ ಅಂಟಿಸುತ್ತಿದ್ದೇನೆ. ಸಲುಗೆಯೆನಿಸಿದರೆ ಕ್ಷಮಿಸಬೇಕು.

ಹೋದ ದಸರೆ ಕಳೆದ ಮೇಲೆ ತಾವು ಬೆಂಗಳೂರಿನಿಂದ ವ್ಯಾನಿನಲ್ಲಿ, ಎರಡು ಹತ್ತಿ ಹಾಸಿಗೆಗಳ ನಡುವೆ ಬಾಣಂತಿಯಂತೆ ಮಲಗಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಯಜಮಾನರಾದ ವೆಂಕಟರಾಮಯ್ಯನವರು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದ ಟೈಪಿಂಗ್ ಶಾಲೆಯ ಬೋರ್ಡಿಗೆ ಅಂದೇ 'ಮತ್ತು ಕಂಪ್ಯೂಟರ್ ಕೇಂದ್ರ' ಎಂದು ಸೇರಿಸಿದರು. ಅದುವರೆಗೆ ಯಾರಿಗೂ ಫ್ಯಾನು ಹಾಕಿಸದ ಮಹಾನುಭಾವರು ತಮಗಾಗಿ ಗೋಡೆ ಒಡೆಸಿ ಏರ್ ಕಂಡೀಷನರ್ ಕೂರಿಸಿದರು. ಅವರ ಪತ್ನಿ ರಾಜಲಕ್ಷ್ಮಮ್ಮನವರು ತಮಗೆ ಆರತಿ ಎತ್ತಿದ್ದಲ್ಲದೆ, ಮಾರನೆಯ ದಿನದಿಂದಲೇ ಮಲ್ಲಿಗೆ ದಂಡೆ, ಬೆಣ್ಣೆ, ಒಮ್ಮೊಮ್ಮೆ ದೋಸೆ ಹಿಟ್ಟನ್ನೂ ಕೆಡದಿರಲೆಂದು ತಂದು ತಮ್ಮ ಪಕ್ಕದಲ್ಲಿಡತೊಡಗಿದರು. ತಮ್ಮಿಂದ ಈ ಊರಿಗೆ ಆದ ಮೊದಲ ಉಪಕಾರ ಅದೇ; ಎರಡು ತಿಂಗಳ ಕಾಲ ಅದೊಂದೇ.

ಆಮೇಲೆ ಬಂತು ಕಣ್ಣಿನ ಶಿಬಿರ. ಸಿರಾದ ಕಣ್ಣಿನ ಡಾಕ್ಟರ್ ಅಫ್ಜಲುನ್ನೀಸಾ ಅವರು ಪ್ರತಿ ವರ್ಷ ಫೆಬ್ರವರಿಯಲ್ಲಿ ನಮ್ಮೂರಿನ ಒಂದು ಛತ್ರದಲ್ಲಿ ಪೊರೆ ತೆಗೆಯುವ ಆಪರೇಷನ್ನುಗಳನ್ನು ಉಚಿತವಾಗಿ ಮಾಡುತ್ತಿದ್ದರು. ಅವರ ಕಾಂಪೌಂಡರ್ ಕದರಪ್ಪ, ಪಾವಗಡದ ಕಡೆಯವನು, ಜನವರಿಯಲ್ಲಿ ಹೊಳವನಹಳ್ಳಿಯ ಬಸ್ ನಿಲ್ದಾಣದಲ್ಲಿ ಒಂದು ಮುರುಕು ಬೆಂಚಿನ ಮೇಲೆ ಕುಳಿತು, ಸುತ್ತಲ ಹಳ್ಳಿ, ಹಟ್ಟಿಗಳಿಂದ ಬಂದವರ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಹೆಸರನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುವುದು ರೂಢಿ. ಹಿಂದಿನ ವರ್ಷ ಒಬ್ಬಿಬ್ಬರು ಮರೆತು ಎರಡೆರಡು ಸಲ ಹೆಸರು ಬರೆಸಿದ್ದರಿಂದ ಡಾಕ್ಟರಿಗೆ ತೊಂದರೆಯಾಗಿತ್ತಂತೆ. ಅದನ್ನು ಎಲ್ಲಿಂದಲೋ ಕೇಳಿಸಿಕೊಂಡ ನಮ್ಮ ಯಜಮಾನರು, ಈ ವರ್ಷದ ಪಟ್ಟಿಯನ್ನು ಕಂಪ್ಯೂಟರೇ ಮಾಡಿಕೊಡುತ್ತದೆ, ಪುಕ್ಕಟೆಯಾಗಿ, ಒಂದು ಹೆಸರೂ ಎರಡು ಸಲ ಬರುವುದಿಲ್ಲ ಎಂದು ಡಾಕ್ಟರಿಗೆ ಮಾತು ಕೊಟ್ಟುಬಿಟ್ಟರು. ಮಾತು ಕೊಟ್ಟದ್ದು ಅವರು, ಹೆಸರು ತಮ್ಮದು, ಕೆಲಸ ನನ್ನದು.

ಅವರು ಒಂದೇ ಒಂದು ಷರತ್ತು ಹಾಕಿದರು. ಪಟ್ಟಿಯ ಪ್ರತಿಯೊಂದು ಸಾಲಿನ ಕೊನೆಯಲ್ಲೂ ನಮ್ಮ ಸಂಸ್ಥೆಯ ಹೆಸರು ಪೂರ್ತಿಯಾಗಿ ಅಚ್ಚಾಗಬೇಕು. ಆ ಹೆಸರು ಎಷ್ಟು ಉದ್ದವೆಂದರೆ ಅದನ್ನು ಕೂರಿಸಿದ ಮೇಲೆ ಕಾಗದದ ಮೇಲೆ ರೋಗಿಗಳಿಗೆ ಉಳಿದದ್ದು ಒಂದು ಮೂಲೆ. ಆ ಮೂಲೆಯಲ್ಲಿ ನಾನು ರೋಗಿಯ ಹೆಸರಿಗೆ ಎಂಟು ಇಂಗ್ಲಿಷ್ ಅಕ್ಷರ, ಊರಿಗೆ ಎಂಟು ಅಕ್ಷರ, ವಯಸ್ಸಿಗೆ ಎರಡು ಅಂಕಿ ಎಂದು ಅಳೆದು ಕೊಟ್ಟೆ. ಈ ಮೂರೂ ಒಂದೇ ಆಗಿದ್ದರೆ ಇಬ್ಬರೂ ಒಬ್ಬರೇ ಎಂದು ತಿಳಿದು ಒಬ್ಬರನ್ನು ತೆಗೆದುಹಾಕತಕ್ಕದ್ದು ಎಂದು ತಮಗೆ ಆಜ್ಞೆಯನ್ನೂ ಬರೆದೆ. ನನಗೇ ಮೆಚ್ಚುಗೆಯಾಗುವಷ್ಟು ಚಿಕ್ಕದಾದ, ಚೊಕ್ಕವಾದ ಆಜ್ಞೆ ಅದು. ಬರೆದು ಮುಗಿಸಿ, ಎದುರಿನ ಹೋಟೆಲಿಗೆ ಹೋಗಿ ಒಂದು ಖಾಲಿ ದೋಸೆ ಹೆಚ್ಚಿಗೆ ತಿಂದೆ.

ತಾವು ಚಾಚೂ ತಪ್ಪದೆ ನಡೆದುಕೊಂಡಿರಿ. ಬೆಂಚು ಹೊಳವನಹಳ್ಳಿಯಲ್ಲಿದ್ದ ಕಾರಣ ಎಲ್ಲರ ಊರೂ 'ಹೊಳವನ' ಆಯಿತು. ವಯಸ್ಸು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ "ಅರವತ್ತು ಬರ್ಕೊಳಪ್ಪ" ಎಂದಿದ್ದರು, ಕದರಪ್ಪ ಬರೆದುಕೊಂಡಿದ್ದ. ಹನುಮಂತಯ್ಯ, ಹನುಮಂತಪ್ಪ, ಹನುಮಂತರಾಯಪ್ಪ ಮೂವರನ್ನೂ ತಾವು 'ಹನುಮಂತ್' ಎಂಬ ಒಬ್ಬ ವ್ಯಕ್ತಿಯನ್ನಾಗಿ ಮಾಡಿದಿರಿ. ಸಂಜೀವಯ್ಯ ಮತ್ತು ಅವನ ಹೆಂಡತಿ ಸಂಜೀವಮ್ಮ, ಮದುವೆಯಾಗಿ ನಲವತ್ತು ವರ್ಷವಾದರೂ ಒಂದು ವಿಷಯದಲ್ಲೂ ಒಮ್ಮತಕ್ಕೆ ಬಾರದವರು, ತಮ್ಮ ಕೃಪೆಯಿಂದ ಒಂದೇ ಜೀವವಾದರು. ಕದರಪ್ಪನ ನೋಟ್ ಬುಕ್ಕಿನಲ್ಲಿದ್ದ ಅರವತ್ನಾಲ್ಕು ಮಂದಿ ತಮ್ಮ ಪ್ರಿಂಟರಿನಿಂದ ಐವತ್ಮೂರು ಮಂದಿಯಾಗಿ ಹೊರಬಂದರು. ಯಜಮಾನರು ಆ ಉದ್ದನೆಯ ಕಾಗದವನ್ನು ಪಂಚೆಯಂತೆ ಮಡಿಸಿ ಡಾಕ್ಟರ ಕೈಗಿತ್ತು, ಹನ್ನೊಂದು ಕಳ್ಳ ಹೆಸರು ಸಿಕ್ಕಿಬಿದ್ದವು ಎಂದು ಹೇಳಿದರು. ಡಾಕ್ಟರು ನಂಬಿದರು. ಐವತ್ಮೂರು ಮಂಚ, ಐವತ್ಮೂರು ಮಂದಿಗಾಗುವಷ್ಟು ಔಷಧಿ, ಹೊಲಿಗೆ ದಾರ, ಕಣ್ಣಿಗೆ ಕಟ್ಟುವ ಪಟ್ಟಿ ಸಿದ್ಧವಾದವು.

ಶಿಬಿರದ ದಿನ ಬೆಳಿಗ್ಗೆ ಛತ್ರದ ಮುಂದೆ ಅರವತ್ನಾಲ್ಕು ಮಂದಿಯೂ ಬಸ್ಸಿಳಿದರು, ತಲೆಗೆಣ್ಣೆ ಹಾಕದೆ, ಡಾಕ್ಟರ ಅಪ್ಪಣೆಯಂತೆ ಬರೀ ಗಂಜಿ ಕುಡಿದು. ಹೆಸರು ಕರೆದು ಮುಗಿಯುವ ಹೊತ್ತಿಗೆ ಹನ್ನೊಂದು ಮಂದಿ ಜಗುಲಿಯ ಮೇಲೆ ಉಳಿದರು. ಕದರಪ್ಪ ಕಾಗದವನ್ನು ಮೇಲಿಂದ ಕೆಳಕ್ಕೆ ಎರಡು ಸಲ ನೋಡಿ, "ಇದೇಂ ಲೆಕ್ಕ ಸ್ವಾಮೀ? ನಾನು ಬರ್ಕೊಂಡೋರು ಬ್ಯಾರೆ, ಈ ಪೇಪರ್ನಾಗೆ ಇರೋರು ಬ್ಯಾರೆ. ನಾ ಬುಕ್ಕು ತೆಚ್ಚೇದಾ?" ಎಂದ. ಅವನು ತನ್ನ ನೋಟ್ ಬುಕ್ ತರಲೇ ಎಂದು ತೆಲುಗಿನಲ್ಲಿ ಕೇಳಿದ್ದು ನಮ್ಮ ಯಜಮಾನರಿಗೆ ಚೆನ್ನಾಗಿಯೇ ಅರ್ಥವಾಯಿತು. "ಕಂಪ್ಯೂಟರ್ ತಪ್ಪು ಮಾಡೋದಿಲ್ಲ ಕದರಪ್ಪ. ಹಳ್ಳಿಯವರು ಸುಳ್ಳು ಹೆಸರು ಕೊಟ್ಟಿದ್ದಾರೆ" ಎಂದು ಅವರು ಜಗುಲಿಗೆ ಕೇಳುವಂತೆ ಹೇಳಿದರು.

ಜಗುಲಿಯಲ್ಲಿದ್ದವರಲ್ಲಿ ಕೊಲ್ಲಾಪುರಮ್ಮ ಒಬ್ಬರು. ಒಳಗೆ ಮಂಚದ ಮೇಲೆ ಕುಳಿತಿದ್ದವರೂ ಕೊಲ್ಲಾಪುರಮ್ಮನೇ. ಇಬ್ಬರೂ ಒಂದೇ ಹಟ್ಟಿಯವರು, ಅಣ್ಣತಮ್ಮಂದಿರನ್ನು ಮದುವೆಯಾದ ವಾರಗಿತ್ತಿಯರು, ಒಂದು ಮೇಕೆ ಯಾರದೆಂಬ ವಿಷಯವಾಗಿ ಒಂಬತ್ತು ವರ್ಷದಿಂದ ಮಾತು ಬಿಟ್ಟವರು. ಹೆಸರಿನ ಬಾಲ ಕತ್ತರಿಸಿ ತಾವು ಇಬ್ಬರನ್ನೂ 'ಕೊಲ್ಲಾಪುರ್' ಎಂಬ ಒಂದು ಊರನ್ನಾಗಿ ಮಾಡಿ ಒಂದೇ ಚೀಟಿ ಕೊಟ್ಟಿದ್ದಿರಿ. ಆ ಚೀಟಿಯನ್ನು ಮೊದಲು ಹಿಡಿದವರು ಕಿರಿಯಾಕೆ. ಹಿರಿಯಾಕೆ ಜಗುಲಿಯಿಂದಲೇ, "ಅದು ನನ್ ಚೀಟಿ, ಕಿತ್ಕೊಂಡವ್ಳೆ. ಮೇಕೆನೂ ಅಂಗೇ ಹೊಡ್ಕೊಂಡೋದ್ಲು" ಎಂದು ಕಂಬಕ್ಕೆ ಹೇಳುತ್ತಿದ್ದರು. ಕಂಬಕ್ಕೆ ಏಕೆಂದರೆ ಅವರಿಗೆ ಎರಡು ಕಣ್ಣೂ ಪೂರ್ತಿ ಮುಚ್ಚಿಹೋಗಿದ್ದವು, ಅಲ್ಲಿ ನಿಂತಿರುವುದು ವಾರಗಿತ್ತಿಯೆಂದೇ ತಿಳಿದಿದ್ದರು.

ಮಹಾಶಯರೇ, ಆ ಹೊತ್ತು ನಾನೂ ಅಲ್ಲೇ ಇದ್ದೆ. ಏನಾಗಿದೆಯೆಂದು ಕಾಗದ ನೋಡಿದ ಕೂಡಲೇ ನನಗೆ ತಿಳಿದಿತ್ತು. ತಿಳಿದೂ ಒಂದು ಗಂಟೆಯ ಕಾಲ, ಬೆಳಿಗ್ಗೆ ವೋಲ್ಟೇಜು ಸರಿಯಿರಲಿಲ್ಲ, ಫ್ಲಾಪಿಗೆ ಧೂಳು ಕೂತಿರಬಹುದು ಎಂದು ಕೇಳಿದವರಿಗೆಲ್ಲ ಹೇಳುತ್ತ ಓಡಾಡಿದೆ. ತಾವು ಎರಡು ಬೀದಿ ಆಚೆ, ತಂಪಿನಲ್ಲಿ, ದೋಸೆ ಹಿಟ್ಟಿನ ಪಕ್ಕದಲ್ಲಿ, ನನ್ನ ಮಾತಿಗೆ ಎದುರಾಡದೆ ಕುಳಿತಿದ್ದಿರಿ. ಯಾವ ಗುಮಾಸ್ತನ ಮೇಲೆ ತಪ್ಪು ಹೊರಿಸಿದರೂ ಅವನು ಕಡೆಯ ಪಕ್ಷ ಹೆಂಡತಿಯ ಮುಂದಾದರೂ ಗೊಣಗುತ್ತಾನೆ. ತಮ್ಮಷ್ಟು ಒಳ್ಳೆಯ ಸಹೋದ್ಯೋಗಿ ನನಗೆ ಇನ್ನು ಸಿಗಲಾರರು.

ಡಾಕ್ಟರು ಹೊರಗೆ ಬಂದು, "ನೋಡಿ, ನನ್ನ ಹತ್ತಿರ ಸಾಮಾನು ಇರೋದು ಐವತ್ಮೂರಕ್ಕೆ. ಪಟ್ಟಿಯಲ್ಲಿ ಇಲ್ಲದವರು ಮುಂದಿನ ವರ್ಷ ಬನ್ನಿ" ಎಂದರು. ಅವರಿಗೂ ಅದನ್ನು ಹೇಳುವುದು ಇಷ್ಟವಿರಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಆಗ ಒಳಗಿನ ಮಂಚದಿಂದ ಕಿರಿಯ ಕೊಲ್ಲಾಪುರಮ್ಮ ಎದ್ದು ಬಂದು, ಚೀಟಿಯನ್ನು ಡಾಕ್ಟರ ಕೈಗೆ ಕೊಟ್ಟರು.

"ಅವ್ಳಿಗೇ ಮಾಡ್ಬುಡಿ ಕಣಮ್ಮ. ನಂದು ಒಂದು ಕಣ್ಣು ಇನ್ನೂ ಒಸಿ ಕಾಣ್ತೈತೆ."

ಡಾಕ್ಟರು, "ನಿಮಗೂ ಅವರಿಗೂ ಮಾತಿಲ್ಲ ಅಂದರಲ್ಲ" ಎಂದರು.

"ಮಾತು ಈಗ್ಲೂ ಇಲ್ಲ. ಒಂಬತ್ತು ವರ್ಸದಿಂದ ಬೈತಾವ್ಳೆ, ಎಲ್ಲೋ ನೋಡ್ಕಂಡು ಬೈತಾಳೆ. ಕಣ್ಣು ಬಂದ್ರೆ ನನ್ನೇ ನೋಡ್ಕಂಡು ಬೈಲಿ."

ಹಿರಿಯಾಕೆ ಕಂಬ ಬಿಟ್ಟು ದನಿ ಬಂದ ಕಡೆ ತಿರುಗಿದರು. ಸೆರಗು ಸರಿಮಾಡಿಕೊಂಡರು, ಅಷ್ಟೇ.

ನಾನು ಡಾಕ್ಟರ ಬಳಿಗೆ ಹೋಗಿ ಹೇಳಿಬಿಟ್ಟೆ. ವೋಲ್ಟೇಜಲ್ಲ, ಧೂಳಲ್ಲ, ಹಳ್ಳಿಯವರ ಸುಳ್ಳೂ ಅಲ್ಲ. ಹೆಸರಿಗೆ ಜಾಗ ಕಡಿಮೆ ಕೊಟ್ಟವನು ನಾನು, ಹೊಂದಿದವರನ್ನು ಅಳಿಸು ಎಂದವನೂ ನಾನು, ಯಂತ್ರ ನಾನು ಹೇಳಿದ್ದನ್ನೇ ಮಾಡಿತು ಎಂದೆ. ಹೇಳುವಾಗ ಯಜಮಾನರು ನನ್ನ ಅಂಗಿಯ ತೋಳನ್ನು ಹಿಂದಿನಿಂದ ಎಳೆಯುತ್ತಿದ್ದರು, ಅದರ ಹೊಲಿಗೆ ಇನ್ನೂ ಬಿಟ್ಟುಕೊಂಡಿದೆ. ಡಾಕ್ಟರು, "ಓದಿದವನು ತಾನೇ ನೀನು?" ಎಂದಷ್ಟೇ ಕೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ, "ಸಿರಾದಲ್ಲಿ ನನ್ನ ದವಾಖಾನೆಗೆ ಹೋಗು. ನನ್ನ ತಮ್ಮ ರಹೀಮ್ ಇರ್ತಾನೆ, ಚೀಟಿ ಬರೆದು ಕೊಡ್ತೀನಿ. ಸಾಮಾನಿನ ಡಬ್ಬಿ ಸಂಜೆಯೊಳಗೆ ಬಂದರೆ ನಾಳೆಯೂ ನಿಂತು ಇವರದೂ ಮಾಡ್ತೀನಿ. ಹುಷಾರ್, ಡಬ್ಬಿ ತೆಗೀಬಾರದು" ಎಂದರು.

ಸಿರಾಕ್ಕೆ ಹೋಗುವಾಗ ಬಸ್ಸಿನಲ್ಲಿ ನಿಂತು ಹೋದೆ. ಬರುವಾಗ ಡ್ರೈವರ್ ಪಕ್ಕದ ಕಾದ ಬಾನೆಟ್ಟಿನ ಮೇಲೆ, ತಗಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಅದನ್ನು ಎತ್ತಿ ಹಿಡಿದು ಕುಳಿತೆ. ಕಂಡಕ್ಟರ್ ಡಬ್ಬಿಗೆ ಲಗೇಜು ಚಾರ್ಜು ಕೇಳಿ, ಒಳಗೇನಿದೆಯೆಂದು ತಿಳಿದ ಮೇಲೆ ಸುಮ್ಮನಾದ. ಅವನ ತಾಯಿಗೂ ಪೊರೆಯಂತೆ. ಹೆಸರು ಯಾರ ಹತ್ತಿರ ಬರೆಸಬೇಕೆಂದು ಕೇಳಿದ. ಕದರಪ್ಪನ ಹತ್ತಿರ ಎಂದೆ.

ಮಾರನೆಯ ದಿನ ಹತ್ತು ಮಂದಿಗೆ ಆಪರೇಷನ್ ಆಯಿತು. ಕೊಲ್ಲಾಪುರಮ್ಮಂದಿರಿಬ್ಬರೂ ಪಕ್ಕಪಕ್ಕದ ಮಂಚಗಳಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಒಬ್ಬರ ಕಡೆಗೊಬ್ಬರು ಬೆನ್ನು ಹಾಕಿ ಮಲಗಿದರು. ಪಟ್ಟಿ ಬಿಚ್ಚಿದ ದಿನ ಹಿರಿಯಾಕೆ ಮೊದಲು ನೋಡಿದ್ದು ತನ್ನ ಕೈಬಳೆಗಳನ್ನು, ಆಮೇಲೆ ವಾರಗಿತ್ತಿಯನ್ನು. "ಇಷ್ಟು ಮುದುಕಿ ಆಗ್ಬುಟ್ಟಿದ್ದೀಯಾ? ನಾನು ಅವತ್ತಿನ್ ಹೆಣ್ಣು ಅಂತ ಬೈತಿದ್ನಲ್ಲೇ" ಎಂದರು. ಮೇಕೆಯ ವಿಷಯ ಇತ್ಯರ್ಥವಾಗಿದೆಯೆಂದು ನಾನು ತಮಗೆ ಸುಳ್ಳು ಹೇಳಲಾರೆ. ಆದರೆ ಈಗ ಎದುರುಬದುರು ಕೂತು ಜಗಳವಾಡುತ್ತಾರಂತೆ.

ಹನ್ನೊಂದನೆಯವರು ಹನುಮಂತರಾಯಪ್ಪ. ನಾನು ಡಬ್ಬಿ ತರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಮುಂದಿನ ವಾರ ಕದರಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ಡಾಕ್ಟರು ಸಿರಾದಲ್ಲಿ ಮಾಡಿಕೊಡುತ್ತಾರೆ ಬನ್ನಿ ಎಂದೆ. ಅವರು ಮಜ್ಜಿಗೆ ಕೊಟ್ಟರು, ಬರುವುದಿಲ್ಲ ಎಂದರು.

"ಹನುಮಂತ ಅಂತ ಒಬ್ಬನ್ನ ಕರುದ್ರು, ಅವನು ಒಳಕ್ಕೋದ. ನನ್ನ ಸುಳ್ಳ ಅಂದ್ರು. ಈ ಹೆಸ್ರು ನಮ್ ತಾತಂದು ಕಣಪ್ಪ. ಸುಳ್ಳ ಅಂದಿದ್ದು ಅದ್ಯಾವುದೋ ಮಿಸೀನು ಅಂತೀಯ. ಅಂಗಾದ್ರೆ ಆ ಮಿಸೀನೇ ಇಲ್ಲಿಗಂಟ ಬಂದು ನನ್ನ ಪೂರ್ತಿ ಹೆಸರು ಹಿಡ್ದು ಕರೀಲಿ. ಬತ್ತೀನಿ."

ಮಿಸೀನಲ್ಲ, ಹಾಗೆಂದವರು ನಮ್ಮ ಯಜಮಾನರು, ಹಾಗಾಗುವಂತೆ ಮಾಡಿದವನು ನಾನು ಎಂದು ವಿವರಿಸಿದೆ. ಅವರು ಒಪ್ಪಲಿಲ್ಲ. ಮನುಷ್ಯರಾದವರು ಮೂರು ಜನರನ್ನು ಒಬ್ಬನೆಂದು ತಿಳಿಯುವುದುಂಟೇ ಎಂಬುದು ಅವರ ವಾದ.

ಆದಕಾರಣ ನನ್ನ ನಮ್ರ ಬಿನ್ನಹವೇನೆಂದರೆ, ತಾವು ದಯವಿಟ್ಟು ಏರ್ ಕಂಡೀಷನರನ್ನು ಅಗಲಿ, ಹತ್ತೂವರೆಯ ಬಸ್ಸು ಹತ್ತಿ, ಸೀಟು ಸಿಗದಿದ್ದರೆ ಟಾಪಿನ ಮೇಲಾದರೂ ಕುಳಿತು ಹೊಳವನಹಳ್ಳಿಗೆ ದಯಮಾಡಿಸಬೇಕು. ಅಲ್ಲಿಂದ ಒಂದೂವರೆ ಮೈಲಿ ನಡೆದು, ಅವರ ಬಾಗಿಲಲ್ಲಿ ನಿಂತು, ತಮ್ಮ ಪರದೆಯ ಹಸಿರು ಅಕ್ಷರಗಳಲ್ಲಿ ಅಲ್ಲ, ಬಾಯಿಬಿಟ್ಟು, 'ಹನುಮಂತರಾಯಪ್ಪನವರೇ' ಎಂದು ಒಂದೇ ಒಂದು ಸಲ ಕೂಗಬೇಕು. ನಾಯಿಯಿದೆ, ಕಚ್ಚುವುದಿಲ್ಲ. ಮಜ್ಜಿಗೆ ಕೊಟ್ಟರೆ ಬೇಡವೆನ್ನಬೇಡಿ. ಹೆಸರಿಗೆ ಈಗ ಮೂವತ್ತು ಅಕ್ಷರಗಳ ಜಾಗ ಮಾಡಿಕೊಟ್ಟಿದ್ದೇನೆ, ಯಜಮಾನರ ಸಂಸ್ಥೆಯ ಹೆಸರನ್ನು ಕಾಗದದ ಬೆನ್ನಿಗೆ ಕಳಿಸಿದ್ದೇನೆ, ಅದಕ್ಕಾಗಿ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಇನ್ನು ತಮ್ಮ ಕಡೆಯಿಂದ ಇಷ್ಟಾದರೂ ಆಗಬೇಡವೇ? ಗುರುವಾರದವರೆಗೆ ಕಾಯುತ್ತೇನೆ. ತಾವು ಏಳದಿದ್ದರೆ ತಮ್ಮ ಪರವಾಗಿ ನಾನೇ ಹೋಗಿ ಕೂಗುತ್ತೇನೆ.

ತಾವು ನಂಬಿದರೂ ಬಿಟ್ಟರೂ ತಮ್ಮ ವಿಶ್ವಾಸಿಯೇ ಆದ,
ರೇಣುಕಯ್ಯ

ತಾ.ಕ.: ಗುರುವಾರ ಕಳೆಯಿತು, ತಾವು ಏಳಲಿಲ್ಲ, ನಾನೇ ಹೋಗಿದ್ದೆ. ಕದರಪ್ಪ ಜೊತೆಗಿರಲಿಲ್ಲವಾದ್ದರಿಂದ ಮನೆ ಗುರುತು ಸಿಗದೆ, ಬೀದಿಯ ನಡುವೆ ನಿಂತು ಪೂರ್ತಿ ಹೆಸರನ್ನು ಒಂದು ಅಕ್ಷರವೂ ಬಿಡದಂತೆ ಕೂಗಿದೆ. ಮೂರು ಮನೆಗಳಿಂದ ಮೂವರು ಹನುಮಂತರಾಯಪ್ಪಂದಿರು ಹೊರಗೆ ಬಂದರು. ಮೂವರಿಗೂ ಅದೇ ತಾತ. ಮೂವರೂ ನನ್ನ ಜೊತೆಯಲ್ಲೇ ಬಸ್ಸು ಹತ್ತಿ ಬಂದು, ಈಗ ತಮ್ಮ ಕೋಣೆಯಲ್ಲಿ ತಂಪಾಗಿ ಕುಳಿತಿದ್ದಾರೆ. ಮಾತಾಡಿಕೊಳ್ಳಿ.