ಅರವತ್ತು ರೂಪಾಯಿಯ ಕಿವಿ, ಆರು ಸಾವಿರದ ಕಿವಿ

ರೇಡಿಯೋ ರಿಪೇರಿ ಅಂಗಡಿ ಇಟ್ಟವನಿಗೆ ನಗುವಿಗೆ ಬರವಿಲ್ಲ. ಜನ ಕೆಟ್ಟ ಪೆಟ್ಟಿಗೆ ಹಿಡಿದುಕೊಂಡು ಬರುತ್ತಾರೆ. ಪೆಟ್ಟಿಗೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ, ತಂದವರು ಹೇಗೆ ಬಂದರೋ ಹಾಗೇ ವಾಪಸು ಹೋಗುತ್ತಾರೆ. ಸಕಲೇಶಪುರದಲ್ಲಿ ಹದಿನಾರು ವರ್ಷ ಇದನ್ನು ನೋಡಿದ್ದೇನೆ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ ಬಂದಿದ್ದೆ. ಆ ಪದವಿಯಿಂದ ನನಗೆ ದಕ್ಕಿದ್ದು ಒಂದೇ ಒಂದು ಚಟ. ಯಾರು ಏನು ಹೇಳಿದರೂ ‘ಹೌದಾ, ತೋರಿಸಿ ನೋಡೋಣ’ ಅನ್ನುವುದು. ತೊಂಬತ್ತರ ದಶಕದ ಒಂದು ಕಾಫಿ ಕೊಯ್ಲಿನ ಕಾಲದಲ್ಲಿ ಈ ಚಟದಿಂದ ಅಂಗಡಿಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

೧. ಬಟನ್ ಒತ್ತುವ ಮುಂಚೆ

ಅಂಗಡಿ ಇದ್ದ ಕಟ್ಟಡ ಒಬ್ಬ ಗೌಡರದು. ಹೊಂಗಡಹಳ್ಳದ ಕಡೆ ಅವರಿಗೆ ದೊಡ್ಡ ಕಾಫಿ ಎಸ್ಟೇಟು. ಆ ವರ್ಷ ಸಿಂಗಪುರಕ್ಕೆ ಹೋಗಿ ಬಂದವರು ಆರು ಸಾವಿರ ರೂಪಾಯಿಯ ಒಂದು ಹೆಡ್‌ಫೋನ್ ತಂದರು. ಅದರ ಪೆಟ್ಟಿಗೆಯೊಳಗೆ ನೀಲಿ ಮಖಮಲ್ಲು ಹಾಸಿತ್ತು. ನಮ್ಮೂರಲ್ಲಿ ಅಂಥ ಹಾಸಿಗೆಯ ಮೇಲೆ ಮಲಗುತ್ತಿದ್ದದ್ದು ಮದುವೆಯ ಒಡವೆ ಮಾತ್ರ.

ಅದನ್ನು ನನ್ನ ಅಂಗಡಿಗೇ ತಂದು, ಟೇಪ್‌ರೆಕಾರ್ಡರಿಗೆ ಸಿಕ್ಕಿಸಿ, ಮೊದಲು ತಮ್ಮ ಎಸ್ಟೇಟಿನ ರೈಟರ್ ತಲೆಗೆ ತೊಡಿಸಿದರು. ಆಳುಗಳ ಉಸ್ತುವಾರಿ ನೋಡುವ ಈ ರೈಟರ್ ಇಪ್ಪತ್ತು ವರ್ಷದಿಂದ ಗೌಡರ ಮಾತಿಗೆ ‘ಹೌದು’ ಅಂದೇ ಬದುಕಿದವರು. ಕಣ್ಣು ಮುಚ್ಚಿದರು. ತಲೆ ಆಡಿಸಿದರು. ತೊಡೆ ತಟ್ಟಿದರು.

“ಏನ್ ಸೌಂಡು ಧಣಿ! ತಬಲ ಈ ಕಡೆ ಐತೆ, ಕೊಳಲು ಆ ಕಡೆ ಐತೆ. ನಡುವೆ ನಾನೇ ಕೂತಂಗೈತೆ!”

“ಇನ್ನೂ ಬಟನ್ ಒತ್ತಿಲ್ಲ ಕಣಯ್ಯ,” ಅಂದರು ಗೌಡರು.

ಆಮೇಲೆ ನನ್ನ ಕಡೆ ತಿರುಗಿದರು. “ಇವನದು ಬಿಡು. ನೀನು ಓದಿದವನು. ಕೇಳಿ ಹೇಳು.”

ಕೇಳಿದೆ. ಅಂಗಡಿಯ ಕೊಕ್ಕೆಗೆ ನೇತುಹಾಕಿದ್ದ ಅರವತ್ತು ರೂಪಾಯಿಯದನ್ನೂ ತೆಗೆದು ಅದೇ ಹಾಡು ಕೇಳಿದೆ. “ಎರಡೂ ಚೆನ್ನಾಗಿವೆ ಗೌಡ್ರೇ. ವ್ಯತ್ಯಾಸ ಇರುವುದು ಬೆಲೆಯಲ್ಲಿ. ಅದು ಕಿವಿಗೆ ಕೇಳಿಸುವುದಿಲ್ಲ,” ಅಂದೆ.

ಗೌಡರು ಹೆಡ್‌ಫೋನನ್ನು ಮಖಮಲ್ಲಿನಲ್ಲಿ ಮಲಗಿಸಿದರು. “ಕೊಯ್ಲು ಮುಗಿಯೋ ಹೊತ್ತಿಗೆ ಈ ರೂಮು ಖಾಲಿ ಮಾಡು. ಕಿವಿ ಇರೋನಿಗೆ ಯಾರಿಗಾದ್ರೂ ಕೊಡ್ತೀನಿ,” ಅಂದು ಇಳಿದು ಹೋದರು. ತಮಾಷೆಗೆ ಹೇಳಿದ್ದಲ್ಲ. ಮಾರನೆಯ ದಿನವೇ ಹಾಸನದಿಂದ ಒಬ್ಬರು ಬಂದು ರೂಮು ನೋಡಿಕೊಂಡು ಹೋದರು. ಬಸ್‌ಸ್ಟ್ಯಾಂಡಿಗೆ ಅಷ್ಟು ಹತ್ತಿರ ಇನ್ನೊಂದು ರೂಮು ಊರಲ್ಲಿರಲಿಲ್ಲ.

ರೈಟರ್ ಹಿಂದೆ ಉಳಿದು ನನಗೆ ಸಮಾಧಾನ ಹೇಳಿದರು. “ನೀವು ಓದಿದೋರು ಮಾಡೋ ತಪ್ಪು ಇದೇ ಕಣ್ರೀ. ಕೇಳಿಸ್ಕೊಂಡು ಆಮೇಲೆ ಹೇಳಕ್ಕೆ ಹೋಗ್ತೀರ.”

೨. ಮಾವನವರ ವಾಲ್ಯೂಮು

ಅಲ್ಲಿಂದ ಗೌಡರು ಪ್ರತಿ ಸಂತೆ ದಿನ ಬಂದು ನನ್ನ ಸ್ಟೂಲಿನ ಮೇಲೆ ಕೂತು ಗೋಡೆಗಳನ್ನು ನೋಡತೊಡಗಿದರು. ಹೊಸ ಬಾಡಿಗೆದಾರನಿಗೆ ಯಾವ ಬಣ್ಣ ಹೊಡೆಸುವುದು ಎಂದು ನನ್ನನ್ನೇ ಕೇಳುತ್ತಿದ್ದರು. ತಲೆಯ ಮೇಲೆ ಹೆಡ್‌ಫೋನ್, ಮಡಿಲಲ್ಲಿ ಅಂಗೈಯಲ್ಲಿ ಹಿಡಿಸುವ ಚಿಕ್ಕ ಟೇಪ್‌ರೆಕಾರ್ಡರ್.

ಒಂದು ಸಂತೆಗೆ ಆಲೂರು ಕಡೆಯ ಕುಂದೂರಿನಿಂದ ಒಬ್ಬ ಹೆಂಗಸು ಬಂದರು. ಹದಿನೈದು ದಿನದ ಹಿಂದೆ ನನ್ನಲ್ಲಿ ಅರವತ್ತು ರೂಪಾಯಿಯ ಹೆಡ್‌ಫೋನ್ ಕೊಂಡಿದ್ದರು. ಅವರ ಮಾವನವರು ಬೆಳಗ್ಗೆ ಎದ್ದಾಗಿನಿಂದ ರೇಡಿಯೋ ಜೋರಾಗಿ ಹಾಕುತ್ತಾರೆ, ಆ ಗದ್ದಲಕ್ಕೆ ಎಮ್ಮೆ ಹಾಲು ಕೊಡುವುದಿಲ್ಲ ಎನ್ನುವುದು ಅವರ ಕಷ್ಟ. ಈಗ ಹೆಡ್‌ಫೋನನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು.

“ಕೆಟ್ಟು ಹೋಯ್ತಾ?” ಅಂದೆ.

“ಇಲ್ಲ ಕಣಣ್ಣ, ಚೆನ್ನಾಗೇ ಐತೆ. ಕಷ್ಟ ಇರೋದೇ ಅದು.”

ಮಾವನವರು ಅದನ್ನು ದಿನವಿಡೀ ಹಾಕಿಕೊಂಡಿರುತ್ತಾರೆ. ತಮ್ಮ ದನಿ ತಮಗೇ ಕೇಳುವುದಿಲ್ಲ. ಹಾಗಾಗಿ ಏನು ಹೇಳಬೇಕಾದರೂ ಗದ್ದೆಯಾಚೆಗೆ ಕೇಳುವ ಹಾಗೆ ಕಿರುಚುತ್ತಾರೆ.

“ನಮ್ಮನೇಲಿ ಏನ್ ಸಾರು, ಯಾರಿಗೆ ಭೇದಿ, ಎಲ್ಲಾ ಊರಿಗೆ ಗೊತ್ತಾಗ್ಬುಟ್ಟೈತೆ. ರೇಡಿಯೋ ಆದ್ರೆ ದೇಶದ ಸುದ್ದಿ ಹೇಳ್ತಿತ್ತು. ಇವರು ಮನೆ ಸುದ್ದಿ ಹೇಳ್ತಾರೆ!”

ಅವರ ದೃಷ್ಟಿ ಗೌಡರ ತಲೆಯ ಮೇಲೆ ಬಿತ್ತು. “ಅದು ಒಳ್ಳೇ ಮಾಲಾ? ಅದನ್ನ ಹಾಕಿದ್ರೆ ಮೆತ್ತಗೆ ಮಾತಾಡ್ತಾರಾ?” ಎಂದು ನೇರವಾಗಿ ಗೌಡರನ್ನೇ ಕೇಳಿದರು.

“ಏನಮ್ಮಾ ಅಂದೇ?” ಎಂದು ಗೌಡರು ಗರ್ಜಿಸಿದ ರಭಸಕ್ಕೆ ಎದುರು ರಸ್ತೆಯಲ್ಲಿ ಸೊಪ್ಪು ಮಾರುತ್ತಿದ್ದವರು ಎದ್ದು ನಿಂತರು.

ಆಕೆ ತಮ್ಮ ಹೆಡ್‌ಫೋನನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. “ಬ್ಯಾಡ ಬುಡಿ. ಇದೇ ಇರ್ಲಿ. ರೋಗ ಒಂದೇ, ಅರವತ್ತು ರೂಪಾಯಿಗೇ ಮುಗೀತು.”

೩. ಒಂದೇ ಕಿವಿಯ ಗಿರಾಕಿ

ಎಡಕುಮೇರಿಗೆ ರಸ್ತೆ ಇಲ್ಲ. ಅಲ್ಲಿಯ ರೈಲ್ವೆ ಗ್ಯಾಂಗ್‌ಮನ್ ಒಬ್ಬರು ಸಂತೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಬಂದು, ಸಾಮಾನು ಕಟ್ಟಿಕೊಂಡು, ಅದರಲ್ಲೇ ವಾಪಸು ಹೋಗುತ್ತಿದ್ದರು. ಅವರಿಗೆ ಜೇಬಿನ ರೇಡಿಯೋಗೆ ಹೆಡ್‌ಫೋನ್ ಬೇಕಿತ್ತು. ಒಂದು ಹಾಕಿ ನೋಡಿದರು, ಇಟ್ಟರು. ಇನ್ನೊಂದು ಹಾಕಿದರು, ಇಟ್ಟರು. ನಾಲ್ಕನ್ನೂ ತಿರಸ್ಕರಿಸಿದರು.

“ಏನು ಕೊರತೆ?” ಎಂದು ಕೇಳಿದೆ.

“ಎರಡೂ ಕಡೆ ಕೇಳ್ತದೆ ಸಾರ್.”

ಸ್ಟೂಲಿನ ಮೇಲಿದ್ದ ಗೌಡರು ಈ ಸಲ ಎಚ್ಚರಿಕೆಯಿಂದ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡಿದ್ದರು. ಅವರಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಅಷ್ಟರಲ್ಲಿ ಗ್ಯಾಂಗ್‌ಮನ್ ಮೂಲೆಯಲ್ಲಿದ್ದ ಇನ್ನೊಂದನ್ನು ಎತ್ತಿಕೊಂಡರು. ಅದರ ಎಡಗಡೆ ಸತ್ತಿತ್ತು. ಮಾಲು ಕೊಟ್ಟವನಿಗೆ ವಾಪಸು ಕಳಿಸಲೆಂದು ತೆಗೆದಿಟ್ಟಿದ್ದೆ. ಅದನ್ನು ಹಾಕಿಕೊಂಡದ್ದೇ ಅವರ ಮುಖ ಅರಳಿತು.

“ಇದು ಮಾಲು ಅಂದ್ರೆ! ಕ್ವಾರ್ಟರ್ಸ್ ಹಿಂದೇನೇ ಆನೆ ಬರ್ತಾವೆ ಸಾರ್. ಒಂದು ಕಿವಿ ಹಾಡಿಗೆ, ಒಂದು ಕಿವಿ ಆನೆಗೆ.”

ಗೌಡರಿಗೆ ತಡೆಯಲಾಗಲಿಲ್ಲ. ಕುತ್ತಿಗೆಯಿಂದ ತಮ್ಮದನ್ನು ತೆಗೆದು ಕೊಟ್ಟರು. “ಕೆಟ್ಟಿರೋದನ್ನ ಯಾಕೆ ತಗೋತೀಯ ಮಾರಾಯ. ಇದು ಕೇಳು. ಹೊರಗಿಂದ ಒಂದು ಸದ್ದು ಒಳಕ್ಕೆ ಬರಲ್ಲ.”

ಗ್ಯಾಂಗ್‌ಮನ್ ಭಕ್ತಿಯಿಂದ ಒಂದು ಹಾಡು ಪೂರ್ತಿ ಕೇಳಿದರು. ತೆಗೆದು, ಟವೆಲಿನಿಂದ ಒರೆಸಿ, ಎರಡೂ ಕೈಯಲ್ಲಿ ವಾಪಸು ಕೊಟ್ಟರು.

“ಭಾರಿ ಮಾಲು ಸ್ವಾಮಿ. ಇದನ್ನ ಹಾಕ್ಕೊಂಡು ಸತ್ರೆ, ಸತ್ತಿದ್ದೂ ಗೊತ್ತಾಗಲ್ಲ.”

೪. ಹತ್ತು ಲೋಟದ ಕಾನೂನು

ಕೊಯ್ಲು ಮುಗಿಯುತ್ತ ಬಂತು. ನಾನು ಬಿಡಿಭಾಗಗಳನ್ನು ಬಿಸ್ಕತ್ ಡಬ್ಬಗಳಿಗೆ ತುಂಬತೊಡಗಿದ್ದೆ. ಆಗ ಒಂದು ಬೆಳಗ್ಗೆ ಗೌಡರು ಕಾಫಿ ವ್ಯಾಪಾರದ ಸಾಹುಕಾರರೊಬ್ಬರನ್ನು ಕರೆದುಕೊಂಡು ಬಂದರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ರೇಟು, ಕೈಹಾಕಿದ ವ್ಯಾಪಾರದಲ್ಲಿ ಎಂದೂ ಸೋಲದ ಮನುಷ್ಯ. ಗೌಡರು ಅವತ್ತು ನೆಲದ ಮೇಲಿರಲಿಲ್ಲ. ಹಾಸನದಲ್ಲಿ ಕಾಫಿ ರುಚಿ ನೋಡಿದಾಗ ಅವರ ತೋಟದ ಬೀಜವೇ ಮೊದಲು ಬಂದಿತ್ತು.

“ಹೆಂಗೆ ನೋಡ್ತಾರೆ ಗೊತ್ತಾ?” ಎಂದು ಅಂಗಡಿಯಲ್ಲಿದ್ದವರಿಗೆಲ್ಲ ವಿವರಿಸಿದರು. ಸಾಲಾಗಿ ಹತ್ತು ಲೋಟ ಇಡುತ್ತಾರೆ. ಯಾವ ಎಸ್ಟೇಟಿನದು ಎಂದು ಬರೆದಿರುವುದಿಲ್ಲ, ನಂಬರು ಮಾತ್ರ ಲೋಟದ ತಳದಲ್ಲಿ. ಚಮಚದಲ್ಲಿ ಹೀರಬೇಕು, ಉಗಿಯಬೇಕು, ನಾಲಗೆ ಹೇಳಿದ್ದೇ ಕೊನೆ. “ಹೆಸರು ನೋಡ್ಕೊಂಡು ರುಚಿ ಹೇಳೋನು ಟೇಸ್ಟರ್ ಅಲ್ಲ ಕಣ್ರೀ. ಹೊಗಳುಭಟ್ಟ!”

ನಾನು ಬೆಸುಗೆ ಹಾಕುವುದನ್ನು ನಿಲ್ಲಿಸಿದೆ.

“ಗೌಡ್ರೇ, ಅದೇ ಕಾನೂನು ಕಿವಿಗೂ ಇರಲಿ. ಕಣ್ಣು ಮುಚ್ಚಿಕೊಂಡು ಹತ್ತು ಸಲ ಕೇಳಿ. ನಿಮ್ಮದು ಯಾವುದು, ನನ್ನದು ಯಾವುದು ಹೇಳಿ. ಎಂಟು ಸರಿ ಬಂದರೂ ಸಾಕು, ಇವತ್ತೇ ಖಾಲಿ ಮಾಡುತ್ತೇನೆ. ಬರಲಿಲ್ಲವೋ, ರೂಮು ನನಗೇ.”

ಸಾಹುಕಾರರು ಜೇಬಿನಿಂದ ಪೆನ್ನು ತೆಗೆದೇಬಿಟ್ಟರು. ಅಷ್ಟು ಜನರೆದುರು ಗೌಡರಿಗೂ ಹಿಂದೆ ಸರಿಯುವ ದಾರಿ ಇರಲಿಲ್ಲ. “ಎಂಟು ಯಾಕೆ? ಹತ್ತಕ್ಕೆ ಹತ್ತು ಹೇಳ್ತೀನಿ,” ಅಂದರು. ತಮ್ಮ ಮಂಕಿ ಕ್ಯಾಪನ್ನು ಹಿಂದುಮುಂದಾಗಿ ತಿರುಗಿಸಿ ಕಣ್ಣು ಮುಚ್ಚಿಕೊಂಡರು. “ಹಾಕು ಈಗ.”

“ಟೋಪಿ ಮೇಲೆಯೇ?”

“ಚಳಿ ಕಣಯ್ಯ. ಟೋಪಿ ತೆಗೆದ್ರೆ ನೆಗಡಿ. ನಾನು ಯಾವಾಗ್ಲೂ ಹಿಂಗೇ ಕೇಳೋದು.”

ಊರೆಲ್ಲ ಟೋಪಿಯಲ್ಲಿರುವ ಕಾಲ, ನಾನೂ ಗಮನಿಸಿರಲಿಲ್ಲ. ಆರು ಸಾವಿರದ ಹೆಡ್‌ಫೋನನ್ನು ಈ ಮನುಷ್ಯ ಕೊಯ್ಲು ಶುರುವಾದಾಗಿನಿಂದ ಕೇಳಿದ್ದೆಲ್ಲ ಉಣ್ಣೆಯ ಮೂಲಕ. ನ್ಯಾಯವಂತನಾಗಿದ್ದರೆ ‘ಟೋಪಿ ತೆಗೆಯಿರಿ’ ಅನ್ನಬೇಕಿತ್ತು. ಟೋಪಿ ಅವರದು, ಕಿವಿ ಅವರದು, ಹೋಗುವುದು ಮಾತ್ರ ನನ್ನ ಅಂಗಡಿ. ಸುಮ್ಮನಿದ್ದೆ.

ಭಾರದಿಂದ ಗುರುತು ಸಿಗಬಾರದೆಂದು ಹೆಡ್‌ಫೋನನ್ನು ಹಿಂದಿನಿಂದ ನಾನೇ ಕೈಯಲ್ಲಿ ಹಿಡಿದುಕೊಂಡೆ. ಅದೇ ಹಾಡು, ಒಂದೊಂದು ಸಲ ಒಂದೊಂದು. ಒಟ್ಟು ಐದು ಸಲ ಅವರದು, ಐದು ಸಲ ನನ್ನದು. ಯಾವುದು ಎಂದು ಸಾಹುಕಾರರಿಗೆ ಸನ್ನೆ ಮಾಡುತ್ತಿದ್ದೆ, ಅವರು ಗೌಡರ ಉತ್ತರದ ಜೊತೆ ಬರೆದುಕೊಳ್ಳುತ್ತಿದ್ದರು.

ಗೌಡರ ಉತ್ತರದಲ್ಲಿ ಅನುಮಾನವೇ ಇರಲಿಲ್ಲ. “ಇದು ನಂದು!” “ಛೀ, ಇದು ಡಬ್ಬ, ನಿಂದು!” “ಆಹಾ, ನಂದು!”

ಮೂರನೆಯ ಸಲದ ಹೊತ್ತಿಗೆ, ಗೌಡರ ಜೊತೆಗೇ ಬಂದಿದ್ದ ರೈಟರಿಗೆ ಧಣಿಯ ಸ್ಥಿತಿ ಅರ್ಥವಾಯಿತು. ನಾನು ಗೌಡರ ಹೆಡ್‌ಫೋನ್ ಹಿಡಿದಾಗಲೆಲ್ಲ ಮೂಲೆಯಿಂದ ಕೆಮ್ಮತೊಡಗಿದರು. ಮೊದಲು ಸಣ್ಣಗೆ. ಗೌಡರು ಸುಳಿವು ಹಿಡಿಯಲಿಲ್ಲ. ಆಮೇಲೆ ಜೋರಾಗಿ. ಆಮೇಲೆ ಕ್ಷಯದವರ ಹಾಗೆ.

“ಯಾವನಯ್ಯ ಅವನು ಕೆಮ್ಮೋನು?” ಎಂದು ಗೌಡರು ಟೋಪಿಯೊಳಗಿನಿಂದ ಕೂಗಿದರು. “ಹಾಡು ಹಾಳು ಮಾಡ್ತಾವನೆ! ಆಚೆಗೆ ಹಾಕಿ ಅವನನ್ನ!”

ಆಚೆಗೆ ಹಾಕಿದೆವು.

ಹತ್ತು ಮುಗಿದವು. ಸಾಹುಕಾರರು ಎರಡು ಸಲ ಎಣಿಸಿ ಓದಿದರು. ಸರಿ ಎರಡು, ತಪ್ಪು ಎಂಟು. ಓದಿದವರೇ ಚಪ್ಪಲಿ ಮೆಟ್ಟಿ ಊರಿಗೆ ಸುದ್ದಿ ಹೇಳಲು ಹೊರಟರು.

ನಾನು ಗೆದ್ದಿದ್ದೆ. ಗೆದ್ದ ಮೇಲೆ ಲೆಕ್ಕ ಹಾಕಿ ನೋಡಿದೆ. ನಾಣ್ಯ ಚಿಮ್ಮಿ ಹೇಳಿದ್ದರೂ ಐದು ಸರಿ ಬರಬೇಕು. ಎಂಟು ತಪ್ಪು ಹೇಳಬೇಕಾದರೆ ನಿಜಕ್ಕೂ ಒಳ್ಳೆಯ ಕಿವಿ ಬೇಕು. ಅಂದರೆ ವ್ಯತ್ಯಾಸ ಇತ್ತು, ಗೌಡರಿಗೆ ಅದು ಸ್ಪಷ್ಟವಾಗಿ ಕೇಳಿತ್ತು. ಅರವತ್ತು ರೂಪಾಯಿಯದರ ಕೀಚು ದನಿ ಉಣ್ಣೆಯನ್ನು ತೂರಿಕೊಂಡು ಹೋಗುತ್ತಿತ್ತು. ಆರು ಸಾವಿರದ್ದು ಗಂಭೀರವಾಗಿ ಟೋಪಿಯಲ್ಲೇ ಉಳಿಯುತ್ತಿತ್ತು. ಚೆನ್ನಾಗಿ ಕೇಳಿದ್ದನ್ನೆಲ್ಲ ಗೌಡರು ತಮ್ಮದು ಅಂದಿದ್ದರು. ಎರಡೂ ಒಂದೇ ಎಂದು ಸಾರಿದ್ದ ನಾನು ಗೌಡರ ಜೊತೆಗೇ ಸೋತಿದ್ದೆ. ಅದನ್ನು ಯಾರಿಗೂ ಹೇಳಲಿಲ್ಲ. ರೂಮು ಉಳಿದಿತ್ತು, ವಿಜ್ಞಾನ ಕಾಯಬಹುದು.

೫. ಗೌಡರ ಷರತ್ತು

ಗೌಡರು ಟೋಪಿ ನೆಟ್ಟಗೆ ಮಾಡಿಕೊಂಡರು. “ರೂಮು ನಿಂದೇ. ಆಡಿದ ಮಾತು ಆಡಿದ್ದೇ,” ಅಂದರು. ದೊಡ್ಡ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಕೊಕ್ಕೆಯಿಂದ ಒಂದು ಹೆಡ್‌ಫೋನ್ ತೆಗೆದುಕೊಂಡರು.

“ಇದರ ದನಿ ಬಿಡಿಸಿಟ್ಟಂಗೈತೆ ಕಣಯ್ಯ. ಎಷ್ಟು ಅಂದೆ?”

“ಅರವತ್ತು.”

“ನಾನು ಅರವತ್ತು ರೂಪಾಯಿದು ಹಾಕ್ಕೊಂಡು ಓಡಾಡಕ್ಕಾಗ್ತದಾ? ಇಂಥದೇ ಒಂದನ್ನ ಗಾಜಿನ ಒಳಗಿಡು. ಆರುನೂರು ಅಂತ ಚೀಟಿ ಹಚ್ಚು. ಯಾರಾದ್ರೂ ಕೇಳಿದ್ರೆ ಗೌಡ್ರು ತಗೊಂಡಿದ್ದು ಅದು ಅನ್ನು.”

“ಮಾಲು ಅದೇ ಅಲ್ವಾ ಗೌಡ್ರೇ?”

“ಮಾಲು ಅದೇ. ಮರ್ಯಾದೆ ಬೇರೆ.”

ರೂಮು ಬಿಟ್ಟುಕೊಟ್ಟವರು ಕೇಳಿದ್ದು ಇಷ್ಟೇ. ಮಾಡಿದೆ. ಕೊಕ್ಕೆಯಲ್ಲಿ ಅರವತ್ತರದು ಹತ್ತು, ಗಾಜಿನೊಳಗೆ ಆರುನೂರರದು ಒಂದು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬಂದವು.

ಮುಂದಿನ ಸಂತೆಗೆ ಸಾಹುಕಾರರು ಬಂದರು. ಇಡೀ ಊರಿಗೆ ಗೌಡರ ಕಥೆ ಹೇಳಿ ಮುಗಿಸಿದ್ದರು. ಮನೆಗೊಂದು ಹೆಡ್‌ಫೋನ್ ಬೇಕು ಅಂದರು. ಕೊಕ್ಕೆಯದನ್ನು ಹಾಕಿಕೊಂಡು ಎರಡೇ ನಿಮಿಷಕ್ಕೆ ತೆಗೆದರು.

“ಇದು ಗೊತ್ತು ಬುಡಿ. ಗೌಡ್ರು ಮೋಸ ಹೋದ ಮಾಲು.”

ಗಾಜಿನೊಳಗಿದ್ದದ್ದನ್ನು ಕೇಳಿ ಪಡೆದರು. ಚೀಟಿ ನೋಡಿದರು, ಹಾಕಿಕೊಂಡರು, ಕಣ್ಣು ಮುಚ್ಚಿದರು. ವಿಭೂತಿ ಮೇಲಕ್ಕೆ ಸರಿಯುವಷ್ಟು ಹುಬ್ಬು ಏರಿತು.

“ನೋಡಿ! ಸೌಂಡೇ ಬೇರೆ! ಗೌಡ್ರಿಗೆ ಕಿವಿ ಇಲ್ಲ ಕಣ್ರೀ. ನಾನಾಗಿದ್ರೆ ಹತ್ತಕ್ಕೆ ಹತ್ತು ಹೇಳ್ತಿದ್ದೆ.”

ನನ್ನ ಹಳೆಯ ಚಟ ಸುಮ್ಮನಿರಲು ಬಿಡಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟೆ. ತಂತಿ ತೋರಿಸಿದೆ, ಪಿನ್ನು ತೋರಿಸಿದೆ, ಪಟ್ಟಿಯ ಒಳಗಡೆ ಇದ್ದ ಕಂಪನಿಯ ಒಂದೇ ಮುದ್ರೆ ತೋರಿಸಿದೆ. “ಎರಡೂ ಒಂದೇ ಮಾಲು ಸಾಹುಕಾರ್ರೇ. ಅರವತ್ತರದನ್ನೇ ತಗೊಳ್ಳಿ,” ಅಂದೆ.

ಸಾಹುಕಾರರು ನನ್ನ ಭುಜ ತಟ್ಟಿ ನಕ್ಕರು. ನೂರರ ಆರು ನೋಟು ತೆಗೆದು ಮೇಜಿನ ಮೇಲಿಟ್ಟರು.

“ವ್ಯಾಪಾರ ಮಾಡೋನಿಗೇ ವ್ಯಾಪಾರ ಹೇಳ್ಕೊಡ್ತೀರಾ? ಖರ್ಚಾಗದೆ ನೇತಾಡ್ತಿರೋ ಹತ್ತನ್ನ ಸಾಗಹಾಕಕ್ಕೆ ಹಂಗಂತೀರ. ನನ್ನತ್ರ ಅದೆಲ್ಲ ನಡೆಯಲ್ಲ.”